ಜೇಡ ಇದ್ದ ಜಾಗ

“ಬಚ್ಚಲ ಗೋಡೆಯ ಮೇಲೆ ದೊಡ್ಡ ಜೇಡ ಒಂದು. ಹಿತ್ತಲ ದಾಸವಾಳದಲ್ಲಿ ಬಲೆಯ ಜೇಡಗಳು. ಮಲಗುವ ಕೋಣೆಗೆ ಈ ತಿಂಗಳು ಯಾವ ಜೇಡವೂ ಬಂದಿಲ್ಲ.”

ಇಷ್ಟು ಹೇಳಿ ಲೂತಾಪಥಸೂಚಕ ಯಂತ್ರ ಸುಮ್ಮನಾಯಿತು. ತುಮಕೂರಿನ ಸಿದ್ದಗಂಗಮ್ಮನವರ ನಡುಮನೆಯ ಗೋಡೆಗೆ ಅದನ್ನು ಹಾಕಿ ತಿಂಗಳಾಗಿತ್ತು. ಅವರ ಬಾಯಲ್ಲಿ ಅದು ಜೇಡದ ಪೆಟ್ಟಿಗೆ.

ಯಂತ್ರದ ತತ್ತ್ವ ಸರಳ. ಎಂಟು ಕಾಲಿನ ನಡಿಗೆ ಎಬ್ಬಿಸುವ ಸೂಕ್ಷ್ಮ ಕಂಪನವನ್ನು ಗ್ರಹಿಸಿ, ಒಂದೊಂದು ಜೇಡವನ್ನೂ ಅದರ ‘ನಡೆಗುರುತಿ’ನಿಂದ ಪತ್ತೆಹಚ್ಚಿ, ಎಲ್ಲಿಂದ ಎಲ್ಲಿಗೆ ಹೋಯಿತೆಂದು ನೆನಪಿಡುತ್ತದೆ. ಮೈಮೇಲೆ ಗುಳ್ಳೆ ಎದ್ದರೆ ‘ಜೇಡ ಉಚ್ಚೆ ಹೊಯ್ದಿದೆ’ ಎನ್ನುವ ಮಾತನ್ನು ನಾಡಿನಿಂದ ತೊಲಗಿಸಲು ಡಾ. ಮಧುಕೇಶ್ ಇದನ್ನು ರೂಪಿಸಿದ್ದರು. ಆ ಮಾತು ಸುಲಭಕ್ಕೆ ತೊಲಗುವಂಥದ್ದಲ್ಲ. ಮಂಗಳ ಗ್ರಹದ ವಸಾಹತಿನಲ್ಲಿ ಒಬ್ಬರಿಗೆ ಗುಳ್ಳೆ ಎದ್ದಾಗಲೂ, ಭೂಮಿಯಿಂದ ಜೇಡ ತಂದವರು ಯಾರೆಂದು ತನಿಖೆ ನಡೆದಿತ್ತು.

ಸಿದ್ದಗಂಗಮ್ಮನವರ ಸೊಸೆ ಇಂಚರಳ ಕುತ್ತಿಗೆಯಲ್ಲಿ ಮದುವೆಯಾದಾಗಿನಿಂದ ತುರಿಕೆ, ಗುಳ್ಳೆ. ಅದನ್ನು ನೋಡಲು ಅವಳ ತಾಯಿ ಸಂಜೆ ಬರುವವರಿದ್ದರು.

“ಕೇಳಿದ್ರಾ ಅಮ್ಮ? ಜೇಡದ ತಪ್ಪಿಲ್ಲ,” ಎಂದರು ತಿಂಗಳ ವರದಿ ಕೇಳಿಸಲು ಬಂದಿದ್ದ ಮಧುಕೇಶ್.

“ನಿಮ್ ಪೆಟ್ಟಿಗೆ ನಿದ್ದೆ ಮಾಡಿರ್ಬೇಕು ಸಾಮಿ,” ಎಂದರು ಸಿದ್ದಗಂಗಮ್ಮ. “ನಮ್ಮಜ್ಜಿ ಕಾಲದಿಂದ ಜೇಡ ಉಚ್ಚೆ ಹೊಯ್ತಾ ಬಂದೈತೆ. ನಿಮ್ಮನ್ ಕೇಳಿ ನಿಲ್ಸುತ್ತಾ?”

“ಯಂತ್ರ ನಿದ್ದೆ ಮಾಡಲ್ಲಮ್ಮ.”

“ಅದಕ್ಕೇ ತಲೆ ಕೆಟ್ಟೈತೆ.”

ಮಧುಕೇಶ್ ಅಲ್ಲಿಗೆ ಎದ್ದು ಹೋಗಬಹುದಿತ್ತು. ಆದರೆ ಆರೋಪಿಯನ್ನು ಬಿಡಿಸಿದ ಮೇಲೆ ಅಪರಾಧಿಯನ್ನು ಹಿಡಿಯದಿದ್ದರೆ ವಿಜ್ಞಾನಿಗಳಿಗೆ ಊಟ ಸೇರುವುದಿಲ್ಲ. ಗುಳ್ಳೆಗಳು ಕುತ್ತಿಗೆಯ ಸುತ್ತ ಗೆರೆ ಎಳೆದಂತೆ ಎದ್ದಿದ್ದುದನ್ನು ಅವರು ಗಮನಿಸಿದರು.

“ಕುತ್ತಿಗೆಗೆ ಏನು ಹಾಕ್ತೀರಮ್ಮ?”

“ಈ ಸರ ಒಂದೇ,” ಎಂದಳು ಇಂಚರ. “ಮದುವೇಲಿ ಅತ್ತೆ ಹಾಕಿದ್ದು. ಚಿನ್ನದ್ದು.”

“ಒಳ್ಳೆ ಚಿನ್ನಕ್ಕೆ ಸಾಮಾನ್ಯವಾಗಿ ಹೀಗಾಗಲ್ಲ. ಒಳಗೆ ನಿಕ್ಕಲ್ ಇದ್ದು, ಮೇಲೆ ಗಿಲೀಟು ಮಾಡಿದ್ರೆ ಮಾತ್ರ...”

ಮುಂದಿನ ಮಾತನ್ನು ಯಾರೂ ಕೇಳಲಿಲ್ಲ. ಛತ್ರದಲ್ಲಿ ಬೀಗರ ಕಡೆಯವರೆಲ್ಲ ನೋಡುವಂತೆ, ಎರಡು ಸಲ ಎತ್ತಿ ತೋರಿಸಿ ಹಾಕಿದ ಸರ ಅದು. ಸಿದ್ದಗಂಗಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕುಳಿತಿದ್ದರು. ತಲೆ ಎತ್ತಲಿಲ್ಲ.

ಇಂಚರ ಸರವನ್ನು ನೋಡಿದಳು. ಅತ್ತೆಯನ್ನು ನೋಡಿದಳು. ಆಮೇಲೆ ಕೊಂಡಿ ಬಿಚ್ಚಿದಳು.

“ಇದನ್ನ ಬೀರುವಲ್ಲಿ ಇಡ್ತೀನಿ ಅತ್ತೆ. ಚಿನ್ನ ಅಂದ್ರೆ ಜೇಡಕ್ಕೂ ಆಸೆ. ಅಮ್ಮಂಗೂ ಅದೇ ಹೇಳ್ತೀನಿ. ನಾನೇ ಕಣ್ಣಾರೆ ನೋಡಿದೀನಿ ಡಾಕ್ಟ್ರೇ, ದಿಂಬಿನ ಮೇಲೆ ಹರೀತಿತ್ತು.”

“ಯಂತ್ರದ ಪ್ರಕಾರ ಆ ಕೋಣೆಗೆ...”

“ನಿಮಗೆ ಮದುವೆ ಆಗಿದ್ಯಾ?”

“ಇಲ್ಲ.”

“ಅದೇ ಮತ್ತೆ.”

ಸಿದ್ದಗಂಗಮ್ಮ ಎದ್ದರು. ಸೊಸೆಯ ತಲೆಯ ಮೇಲೊಮ್ಮೆ ಕೈಯಾಡಿಸಿ, ಮೂಲೆಯ ಪೊರಕೆ ತೆಗೆದುಕೊಂಡು ಬಚ್ಚಲಿಗೆ ಹೋದರು. ಜೇಡ ತನ್ನ ಬಿಳಿಯ ಮೊಟ್ಟೆಚೀಲವನ್ನು ಹೊಟ್ಟೆಯಡಿ ಅವುಚಿಕೊಂಡು ಕೂತಿತ್ತು. ಹುಡುಕಬೇಕಾಗಲಿಲ್ಲ. ಯಂತ್ರ ಹೇಳಿದ ಜಾಗದಲ್ಲೇ ಇತ್ತು.