ಮೂರನೇ ಹೆಸರು

ಅಪ್ಪ ಕಾರು ತೊಳೆಯುತ್ತಿದ್ದ. ಹಿಂದಿನ ದಿನವಷ್ಟೇ ತೊಳೆದಿದ್ದ ಕಾರು ಅದು. ಹುಡುಕಿದರೂ ಒಂದು ಚೂರು ಧೂಳು ಸಿಗುತ್ತಿರಲಿಲ್ಲ.

"ಅಪ್ಪಾ, ಹಾರ್ಕಿನ್ ಹೆಸರನ್ನೇ ಮೊದಲು ಬರೀತೀಯ ತಾನೇ?" ಮೆಟ್ಟಿಲ ಮೇಲೆ ಕೂತಿದ್ದ ಮಾರ್ಗೊ ಕೇಳಿದಳು.

"ಆ ಬಕೆಟ್ ಈ ಕಡೆ ತಳ್ಳು."

"ಹೂಂ ಅಂತ ತಲೆಯಾದ್ರೂ ಆಡಿಸು. ಯಾರಿಗೂ ಹೇಳಲ್ಲ."

"ನವೆಂಬರ್‌ವರೆಗೆ ಬಾಯಿ ಬಿಡೋ ಹಾಗಿಲ್ಲ ಕಣೇ. ನಿಮ್ಮಮ್ಮನಿಗೇ ಹೇಳಿಲ್ಲ."

ಮಾರ್ಗೊಳ ಅಪ್ಪ ರಸ್ ಡೊಂಬ್ರೊವ್‌ಸ್ಕಿ ಅಮೆರಿಕದ ಮಿಲ್ವಾಕಿಯ ಒಂದು ಪತ್ರಿಕೆಗೆ ಬೇಸ್‌ಬಾಲ್ ವರದಿ ಬರೆಯುವವನು. ಸೀಸನ್ ಮುಗಿದಾಗ ಲೀಗಿನಲ್ಲಿ ಎಲ್ಲರಿಗಿಂತ ಬೆಲೆಬಾಳುವ ಆಟಗಾರ ಯಾರು ಎಂದು ಆರಿಸುವವರು ಒಂದೊಂದು ಊರಿನ ಇಬ್ಬಿಬ್ಬರು ವರದಿಗಾರರು. ಮೇಲಿನ ಹೆಸರಿಗೆ ಹೆಚ್ಚು ಅಂಕ ಸಿಗುವಂತೆ ಹತ್ತು ಹೆಸರು ಕ್ರಮವಾಗಿ ಬರೆದು, ಕೊನೆಯ ಸುತ್ತಿನ ಪಂದ್ಯಗಳು ಶುರುವಾಗುವ ಮೊದಲೇ ಕಳಿಸಬೇಕು. ಈ ವರ್ಷ ಅಪ್ಪನಿಗೆ ಮೊದಲ ಸಲ ಓಟು ಸಿಕ್ಕಿತ್ತು.

ಮಾರ್ಗೊ ಶಾಲೆಯಲ್ಲಿ ಆಗಲೇ ಡಂಗುರ ಸಾರಿಬಿಟ್ಟಿದ್ದಳು. "ನಮ್ಮಪ್ಪ ನಮ್ಮೂರ ತಂಡದ ಹಾರ್ಕಿನ್‌ಗೇ ಹಾಕೋದು. ನಾನು ಗ್ಯಾರಂಟಿ."

ಅಪ್ಪ ಕೈ ಒರೆಸಿಕೊಂಡು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ವಾಪಸ್ ಬಂದ.

"ಕಳಿಸಿದ್ಯಾ?"

"ಕಳಿಸಿದೆ." ಮತ್ತೆ ಸ್ಪಂಜು ತೆಗೆದುಕೊಂಡು ಅದೇ ಬಾಗಿಲನ್ನು ಉಜ್ಜತೊಡಗಿದ.

ಮುಂದಿನ ವಾರ ಹಾರ್ಕಿನ್ ಕೊನೆಯ ಚೆಂಡಿಗೆ ಹೋಮ್ ರನ್ ಹೊಡೆದು ಪಂದ್ಯ ಗೆಲ್ಲಿಸಿಬಿಟ್ಟ. ಬೀದಿಯಲ್ಲೆಲ್ಲ ಕಾರುಗಳ ಹಾರ್ನ್. ಮಾರ್ಗೊ ಸೋಫಾ ಮೇಲೆ ಕುಣಿದಳು. "ಇನ್ನು ಹಾರ್ಕಿನ್‌ನ ಯಾರಿಂದ್ಲೂ ತಡೆಯೋಕಾಗಲ್ಲ!"

"ಆ ಹೊಡೆತ ಲೆಕ್ಕಕ್ಕಿಲ್ಲ ಪುಟ್ಟಿ. ಓಟು ಆಗಲೇ ಹೋಗಾಯ್ತಲ್ಲ," ಅಂದ ಅಪ್ಪ. ಕುಣಿತದ ನಡುವೆ ಅದು ಅವಳ ಕಿವಿಗೇ ಬೀಳಲಿಲ್ಲ.

ನವೆಂಬರಿನಲ್ಲಿ ಫಲಿತಾಂಶ ಬಂತು. ಗೆದ್ದವನು ಶಿಕಾಗೋ ತಂಡದ ಕೆಸಾಡ. ಹಾರ್ಕಿನ್ ಎರಡನೆಯವನು, ಬರೀ ನಾಲ್ಕು ಅಂಕ ಹಿಂದೆ. ಯಾರು ಯಾರಿಗೆ ಓಟು ಹಾಕಿದರು ಎಂಬುದೂ ಮರುದಿನ ಹೆಸರು ಸಮೇತ ಹೊರಬಿತ್ತು.

ಸ್ಕೂಲ್ ಬಸ್ಸಿನಲ್ಲಿ ಅವಳ ಕ್ಲಾಸಿನ ಟೋಬಿ ತನ್ನಣ್ಣನ ಫೋನ್ ಹಿಡಿದು ಗಟ್ಟಿಯಾಗಿ ಓದಿದ. "ರಸ್ ಡೊಂಬ್ರೊವ್‌ಸ್ಕಿ. ಒಂದು, ಕೆಸಾಡ. ಮೂರು, ಹಾರ್ಕಿನ್." ಆಮೇಲೆ ಅವಳ ಕಡೆ ತಿರುಗಿದ. "ಮೂರಂತೆ ಕಣೇ. ನಿಮ್ಮಪ್ಪ ಒಬ್ರು ಮನಸ್ಸು ಮಾಡಿದ್ರೆ ನಮ್ಮೋನೇ ಗೆಲ್ತಿದ್ದ. ಎಲ್ಲಿ ಹೋಯ್ತು ನಿನ್ನ ಗ್ಯಾರಂಟಿ?"

ಆ ದಿನ ಊಟಕ್ಕೆ ಅವಳ ಪಕ್ಕ ಯಾರೂ ಕೂರಲಿಲ್ಲ.

ಶುಕ್ರವಾರ ಸಂಜೆ ಎಂದಿನಂತೆ ಅಪ್ಪ ಮಗಳು ಚರ್ಚಿನ ಹಾಲ್‌ಗೆ ಮೀನಿನ ಊಟಕ್ಕೆ ಹೋದರು. ಬಡಿಸುತ್ತಿದ್ದ ಲಿಂಡ್ನರ್ ಅಜ್ಜಿ ಅಪ್ಪನ ತಟ್ಟೆಗೆ ಹುಡುಕಿ ಹುಡುಕಿ ಬಾಲದ ತುಂಡು ಹಾಕಿದಳು.

"ದೊಡ್ಡ ತುಂಡು ಶಿಕಾಗೋದಲ್ಲಿ ಸಿಗತ್ತಪ್ಪಾ ರಸ್."

"ಇದೇ ಸಾಕು ಬಿಡಿ, ಥ್ಯಾಂಕ್ಸ್," ಅಂದ ಅಪ್ಪ.

ಮಾರ್ಗೊಳಿಗೆ ಅಜ್ಜಿಯ ಮೇಲೂ ಸಿಟ್ಟು ಬಂತು, ಅಪ್ಪನ ಮೇಲೂ ಬಂತು. ಟೇಬಲ್ಲಿಗೆ ಬಂದು ಕೂತವಳು ತಟ್ಟೆ ಮುಟ್ಟಲಿಲ್ಲ.

"ಯಾಕಪ್ಪಾ ಹೀಗೆ ಮಾಡ್ದೆ? ಹಾರ್ಕಿನ್ ನಮ್ಮೂರವನಲ್ವಾ?"

"ಹೆಬ್ಬೆರಳು ಮುರ್ಕೊಂಡು ಆರು ವಾರ ಬೆಂಚಲ್ಲಿ ಕೂತಿದ್ದ. ಕೆಸಾಡ ಒಂದು ಮ್ಯಾಚೂ ತಪ್ಪಿಸ್ಲಿಲ್ಲ."

"ಆದ್ರೂ..."

"ಕೆಸಾಡ ಬ್ಯಾಟ್ ಹಿಡ್ಕೊಂಡು ಬಂದಾಗೆಲ್ಲ ನೀನೇನು ಮಾಡ್ತಿದ್ದೆ?"

ಮಾರ್ಗೊಳಿಗೆ ಚೆನ್ನಾಗಿ ನೆನಪಿತ್ತು. ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು "ಔಟಾದ್ನಾ? ಔಟಾದ್ನಾ?" ಎಂದು ಕೇಳುತ್ತಿದ್ದಳು. ಬೇರೆ ಯಾವ ಆಟಗಾರನಿಗೂ ಅವಳು ಹಾಗೆ ಹೆದರಿದವಳಲ್ಲ.

"ಅದು ಬೇರೆ," ಅಂದಳು. ಬೇರೆಯಲ್ಲ ಎಂದು ಅವಳಿಗೇ ಗೊತ್ತಾಯಿತು.

ಊಟ ಮುಗಿಸಿ ಹೊರಗೆ ಬಂದರು. ಕಾರಿನ ತುಂಬ ಕೆಸರು, ಗಾಜಿಗೆ ಅಂಟಿದ ಕೊಳೆತ ಎಲೆಗಳು. ತಿಂಗಳ ಮೇಲಾಗಿತ್ತು ಅದು ನೀರು ಕಂಡು. ಮಾರ್ಗೊ ಬಾಗಿಲಿನ ಮೇಲೆ ಬೆರಳಿಂದ ಗೆರೆ ಎಳೆದಳು. ಥಟ್ಟನೆ ಏನೋ ನೆನಪಾಯಿತು.

"ಅಪ್ಪಾ, ಓಟು ಕಳಿಸಿದ ದಿನ ಕಾರು ಕ್ಲೀನಾಗೇ ಇತ್ತಲ್ಲ. ಮತ್ಯಾಕೆ ತೊಳೀತಿದ್ದೆ?"

ಅಪ್ಪ ಕೀಲಿಗಾಗಿ ಒಂದೊಂದೇ ಜೇಬು ತಡಕಿದ. ಕೀಲಿ ಅವನ ಕೈಯಲ್ಲೇ ಇತ್ತು.

"ಒಳಗೆ ಹೋದ್ರೆ ಹಾರ್ಕಿನ್ ಹೆಸರನ್ನ ಮೇಲೆ ಬರೆದುಬಿಡ್ತೀನೇನೋ ಅನ್ನಿಸ್ತಿತ್ತು. ಅದಕ್ಕೆ ಹೊರಗೇ ಇದ್ದೆ."

ಮಾರ್ಗೊ ಅಪ್ಪನನ್ನು ನೋಡಿದಳು. ಅವನ ತಲೆಯ ಮೇಲೆ ತಮ್ಮೂರ ತಂಡದ ಟೋಪಿ ಇತ್ತು, ಅವಳು ಹುಟ್ಟುವ ಮೊದಲಿನದು, ಅಂಚು ಹರಿದದ್ದು. ಅಪ್ಪನಿಗೂ ಹಾರ್ಕಿನ್ನೇ ಗೆಲ್ಲಬೇಕಿತ್ತು. ಬಹುಶಃ ತನಗಿಂತ ಹೆಚ್ಚು.

"ನಾಳೆ ಕಾರು ತೊಳೆಯೋಣ," ಅಂದಳು. "ಬಕೆಟ್ ನಾನು ತರ್ತೀನಿ."