ಮಲಗಿಸಿದ ಬಾಗಿಲು

ಹಳೆಯ ಸಾಮಾನಿನ ವ್ಯಾಪಾರಿ ಅನ್ಸೆಲ್ಮೊ ತೀರಿಕೊಂಡ ಸುದ್ದಿ ಓಹಾಯ್ ಊರಿಗೆ ತಿಳಿದ ದಿನವೇ ಅವನ ಹೆಂಡತಿ ಪಿಲಾರ್ ಕಪ್ಪು ಬಟ್ಟೆಯುಟ್ಟು ಥಿಯಾಳ ಮನೆಗೆ ಬಂದಳು. ಥಿಯಾ ಊರಿಗೆ ಹೊಸಬಳು. ಕೆಂಪು ಹೆಂಚಿನ, ಕಮಾನುಗಳ ಆ ಹಳೆಯ ಸ್ಪ್ಯಾನಿಷ್ ಮನೆಯನ್ನು ಕೊಂಡು, ಬಿರುಕು ಬಿಟ್ಟ ಗೋಡೆಗಳಿಗೆ ಸುಣ್ಣ ಬಳಿಸಿ, ಒಳಗೆಲ್ಲ ಅನ್ಸೆಲ್ಮೊ ಇಂಡಿಯಾದಿಂದ ತರಿಸಿದ ಸಾಮಾನು ತುಂಬಿದ್ದಳು. ಹಿತ್ತಾಳೆ ಸರಪಳಿಯ ತೂಗುಮಂಚ, ಕೆತ್ತನೆಯ ಕಂಬಗಳು. ಈಗ ಅವನಿಂದಲೇ ಕೊಂಡ, ರಾಜಸ್ಥಾನದ ಸಿರಿವಂತರ ಹವೇಲಿಯೊಂದರ ಬಾಗಿಲನ್ನು ಊಟದ ಮೇಜು ಮಾಡಲೆಂದು ಅಂಗಳದಲ್ಲಿ ಮಲಗಿಸಿ, ಅದರ ಮೊಳೆ ಕೀಳಲು ಇಕ್ಕಳ ಹಿಡಿದು ಕೂತಿದ್ದಳು.

"ಅದನ್ನ ಎತ್ತಿ ನಿಲ್ಸು ಮಗಳೇ," ಎಂದಳು ಪಿಲಾರ್. "ಮೊಳೆ ಮುಟ್ಬೇಡ. ಆ ಬಾಗಿಲ ಹಿಂದೆ ಒಬ್ಬ ಸೊಸೇನ ಕೂಡಿಹಾಕಿ ಉಪವಾಸ ಕೊಂದ್ರಂತೆ. ಆಮೇಲೆ ಮಾಂತ್ರಿಕನ್ನ ಕರೆಸಿ ಅವಳ ಹಸಿವನ್ನ ಆ ಮರಕ್ಕೇ ಜಡಿಸಿದ್ದಾರೆ. ನನ್ನ ಗಂಡ ನೋಡೋಣ ಅಂತ ಒಂದೇ ಒಂದು ಮೊಳೆ ಕಿತ್ತ."

"ದಿನವಿಡೀ ಚುಟ್ಟಾ ಸೇದ್ತಿದ್ರು ಪಾಪ. ಅವರ ಸಾವನ್ನೂ ಬಾಗಿಲ ತಲೆಗೇ ಕಟ್ತೀರಾ?" ಎಂದಳು ಥಿಯಾ.

"ನಿಂತಿದ್ರೆ ಅದು ಬಾಗಿಲು. ಮಲಗಿಸಿದ್ರೆ ತಟ್ಟೆ. ಅದರ ಮೇಲೆ ಅನ್ನ ಇಡ್ಬೇಡ."

ಥಿಯಾಳ ಗಂಡ ವೆಂಡೆಲ್ ಏಣಿಯ ಮೇಲಿಂದ ನಕ್ಕ. "ಊಟ ಇಡದ ಮೇಜು ಇರೋದು ನಮ್ಮತ್ತೆ ಮನೇಲಿ ಮಾತ್ರ ಅಂದ್ಕೊಂಡಿದ್ದೆ."

ಪಿಲಾರ್ ಶಿಲುಬೆಯ ಗುರುತು ಮಾಡಿಕೊಂಡು ಹೊರಟುಹೋದಳು.

ಆ ಕಡೆ ಹಳೆಯ ಮನೆ ಸಜ್ಜು ಮಾಡುವವರೆಲ್ಲ ಇಂಡಿಯಾದ ಬಾಗಿಲಿಗೆ ಕಾಲು ಹಚ್ಚಿ ಊಟದ ಮೇಜು ಮಾಡುತ್ತಾರೆ. ಮೇಲೆ ಗಾಜು ಹಾಸುತ್ತಾರೆ. ಥಿಯಾಳಿಗೆ ಗಾಜು ಬೇಡವಾಗಿತ್ತು, ಮರ ಕೈಗೆ ತಾಕಬೇಕು. ಅವಳು ಮೊಳೆಗಳನ್ನೆಲ್ಲ ಕಿತ್ತಳು. ಪ್ರತಿ ತೂತಿನಿಂದಲೂ ಕಂದು ಜಿಡ್ಡು ಒಸರಿತು, ಕೊಳೆತ ಕೊಬ್ಬಿನ ನಾತ ಬಂತು. ಒಂದರಿಂದ ಕೂದಲಿನ ಎಳೆ ಬಂತು. ಎಳೆದಷ್ಟೂ ಬಂತು, ಕೊನೆಗೆ ಬುಡದಲ್ಲಿ ಚರ್ಮದ ಚೂರು. ಅವಳು ಅದನ್ನು ಕಸಕ್ಕೆಸೆದಳು. ವಿನೆಗರ್ ಹಾಕಿ ತಿಕ್ಕಿ, ಮೇಣ ಹಚ್ಚಿ, ಕೈ ತೊಳೆದಳು. ಬೆರಳುಗಳ ವಾಸನೆ ಹೋಗಲಿಲ್ಲ.

ಭಾನುವಾರ ಮಧ್ಯಾಹ್ನ ಆ ಮೇಜಿನ ಮೇಲೆ ಮೊದಲ ಊಟ. ಹುರಿದ ಕೋಳಿ, ಬೀನ್ಸ್ ಕಾಳಿನ ಸಾರು, ಬೆಣ್ಣೆ. ಥಿಯಾ ಮೆಕ್ಕೆಜೋಳದ ರೊಟ್ಟಿ ತರಲು ಒಳಗೆ ಹೋದಳು. ತಿರುಗಿ ಬಂದಾಗ ಸಾರಿನ ಮೇಲೆ ಬೂದುಬಣ್ಣದ ಪೊರೆ ಕಟ್ಟಿತ್ತು. ಬೆಣ್ಣೆ ಹಳದಿ ಕೀವಿನಂತೆ ಹರಿಯುತ್ತಿತ್ತು. ಕೋಳಿಯ ಹೊಟ್ಟೆಯೊಳಗೆ ಬಿಳಿ ಹುಳುಗಳು ಗಿಜಿಗುಡುತ್ತಿದ್ದವು.

ವೆಂಡೆಲ್ ಅದನ್ನೇ ತಿನ್ನುತ್ತಿದ್ದ.

"ವೆಂಡೆಲ್, ಉಗುಳು ಅದನ್ನ."

"ಹಸಿವು ಕಣೇ," ಎಂದ. ತುಟಿಯಂಚಿನಲ್ಲಿ ಹುಳು ಅಲುಗುತ್ತಿತ್ತು. "ಇನ್ನೊಂಚೂರು ಹಾಕು."

ಅವಳು ತಟ್ಟೆ ಕಿತ್ತುಕೊಂಡಳು. ಅವನು ಬಗ್ಗಿ ಮರವನ್ನೇ ನೆಕ್ಕತೊಡಗಿದ. ತೂತುಗಳಿಂದ ಜಿಡ್ಡು ಉಕ್ಕಿತು. ಅವನು ಹೀರಿದ. ಚಪ್ಪರಿಸುವ ಸದ್ದು. ಒಂದು ಬಾಯಿಯದಲ್ಲ. ಮೇಜಿನ ಕೆಳಗಿಂದಲೂ ಬಂತು. ಅವನು ಬೆರಳು ಬಾಯಿಗಿಟ್ಟುಕೊಂಡ. ಮೂಳೆ ಲಟಕ್ಕೆಂದಿತು. ಥಿಯಾ ಮೇಜಾಗಿದ್ದ ಬಾಗಿಲಿನ ಅಂಚು ಹಿಡಿದಳು. ಎತ್ತಿದಳು. ಭಾರ. ಯಾರೋ ಮೇಲೆ ಕೂತ ಹಾಗೆ. ಹೆಗಲು ಕೊಟ್ಟು ಮತ್ತೆ ಎತ್ತಿದಳು. ಮೇಜಿನ ಕಾಲುಗಳು ಮುರಿದವು. ಬಾಗಿಲು ಗೋಡೆಗೆ ಬಡಿದು ನಿಂತಿತು. ಸದ್ದು ನಿಂತಿತು.

ವೆಂಡೆಲ್ ನೆಲಕ್ಕೊರಗಿದ್ದ.

ಶವ ನೋಡಿದ ವೈದ್ಯರು ಥಿಯಾಳನ್ನು ಪಕ್ಕಕ್ಕೆ ಕರೆದರು. "ನಿಮ್ಮ ಯಜಮಾನ್ರು ಊಟ ಬಿಟ್ಟು ಎಷ್ಟು ದಿನ ಆಗಿತ್ತಮ್ಮ? ಕರುಳು ಒಣಗಿದೆ. ಹೊಟ್ಟೇಲಿ ಒಂದು ಅಗುಳೂ ಇಲ್ಲ."

ಮಣ್ಣು ಮಾಡುವ ದಿನ ಪಿಲಾರ್ ಬಂದು ಅವಳ ಪಕ್ಕದಲ್ಲಿ ಮೊಣಕಾಲೂರಿದಳು. ಬೈಯಲಿಲ್ಲ.

"ನನಗೆ ಪ್ರಾರ್ಥನೆ ಬರಲ್ಲ ಅಮ್ಮಾ," ಎಂದಳು ಥಿಯಾ.

"ನಾನು ಹೇಳ್ತೀನಿ, ನೀನೂ ಹೇಳು. ಬಾಗಿಲ ಹಿಂದೆ ಸತ್ತ ಆ ಹುಡುಗೀನೂ ಸೇರಿಸ್ಕೋಬೇಕು. ಅವಳಿಗೋಸ್ಕರ ಯಾರೂ ದೇವರನ್ನ ಬೇಡಿಲ್ಲ."

ಥಿಯಾ ತಲೆಯಾಡಿಸಿದಳು. ಇಬ್ಬರೂ ಒಟ್ಟಿಗೆ ಹೇಳಿದರು: ಪ್ರಭುವೇ, ಹಸಿದು ಹೋದವಳನ್ನು ನಿನ್ನ ಪಂಕ್ತಿಯಲ್ಲಿ ಕೂರಿಸು. ಅನ್ಸೆಲ್ಮೊನನ್ನು ಕರೆದುಕೋ. ವೆಂಡೆಲ್‌ನನ್ನು ಕರೆದುಕೋ. ಅವರಿಗೆ ಇನ್ನು ಹಸಿವಾಗದಿರಲಿ. ಅವರ ಆತ್ಮಗಳಿಗೆ ಶಾಂತಿ ಕೊಡು.