ಏಳು ಮೆಣಸಿನಕಾಯಿಯ ಹಚ್ಚೆ

ಹಚ್ಚೆಯಂಗಡಿಯ ಗೋಡೆಯ ಮೇಲೆ ದರಪಟ್ಟಿ ತೂಗುತ್ತಿತ್ತು. ಹೊಂದಿಕೆ ಪರೀಕ್ಷೆಗೆ ಎಂಟುನೂರು. ಅಂಗೈಯಗಲದ ಹಚ್ಚೆಗೆ ಆರು ಸಾವಿರ. ಸುಟ್ಟ ಚರ್ಮದ ಮೇಲಾದರೆ ಅದರ ಮೂರರಷ್ಟು. ಹಾಕಿಸಿಕೊಂಡಿದ್ದು ಬೇಡವಾಗಿ ಅಳಿಸಬೇಕೆಂದರೆ ನಲವತ್ತು ಸಾವಿರ. ಕೊನೆಯ ಸಾಲಿಗೆ ಮಾತ್ರ ಬೆಲೆಯೇ ಇರಲಿಲ್ಲ: ಸುಟ್ಟ ಚರ್ಮದ ಮೇಲಿನ ಹಚ್ಚೆಯನ್ನು ಅಳಿಸಲಾಗುವುದಿಲ್ಲ.

ಫಕ್ಕೀರವ್ವ ಆ ಕೊನೆಯ ಸಾಲನ್ನೇ ಎರಡು ಸಲ ಓದಿದಳು. ದುಡ್ಡು ಹೋದರೆ ನಾಲ್ಕು ತಿಂಗಳು ಮಿರ್ಚಿ ಕರಿದು ಗಳಿಸಬಹುದು. ಎಡಗೈ ಇರುವುದು ಒಂದೇ.

ಆ ಎಡಗೈ ಆಗ ಹೊಂದಿಕೆ ಯಂತ್ರದ ದೋಣಿಯಂಥ ತೊಟ್ಟಿಯಲ್ಲಿ ಮಲಗಿತ್ತು. ಮೊಣಕೈಯಿಂದ ಮಣಿಕಟ್ಟಿನವರೆಗೆ ಹನ್ನೊಂದು ವರ್ಷದ ಹಿಂದಿನ ಸುಟ್ಟ ಕಲೆ, ಕಾಯಿಸಿದ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿತ್ತು. ಅದರ ಅಂಚಿಗೆ ಚರ್ಮಶ್ರಾವಕ ಎಂಬ ತೆಳ್ಳನೆಯ ಪಟ್ಟಿ ಅಂಟಿಸಿದ್ದರು. ಎದುರಿನ ಪರದೆಯ ಮೇಲೆ ಹಸಿರು ಗೆರೆಯೊಂದು ಏರುತ್ತ ಇಳಿಯುತ್ತ ಓಡುತ್ತಿತ್ತು.

ಆ ಕಾಲಕ್ಕೆ ಹುಬ್ಬಳ್ಳಿಯಲ್ಲಿ ಹಚ್ಚೆಯಿಲ್ಲದ ಮೈಯೇ ಅಪರೂಪವಾಗಿತ್ತು. ಹಾಳಾದ ಹಚ್ಚೆಗಳ ದೂರುಗಳೂ ಅಷ್ಟೇ ಹೆಚ್ಚಾಗಿದ್ದವು. ಒಬ್ಬರ ಕೈಯಲ್ಲಿ ಕೂದಲೆಳೆಯಂತೆ ಕೂತ ಗೆರೆ ಇನ್ನೊಬ್ಬರ ಮೈಮೇಲೆ ಕೆಸರಿನಂತೆ ಹರಡುತ್ತಿತ್ತು. ನುರಿತ ಕಲಾವಿದ ಯಾರೆಂದು ತಿಳಿಯುವುದು ಸುಲಭ, ತನ್ನ ಮೈಗೆ ಒಗ್ಗುವ ಕಲಾವಿದ ಯಾರೆಂದು ತಿಳಿಯುವುದು ಕಷ್ಟ. ಇದಕ್ಕೆ ಡಾ. ಅನಿರುದ್ಧ ಮಣ್ಣೂರ ಎಂಬ ವಿಜ್ಞಾನಿ ಹೊಂದಿಕೆ ಯಂತ್ರವನ್ನು ಕಂಡುಹಿಡಿದಿದ್ದರು. ಕಲಾವಿದ ಮಸಿಯಿಲ್ಲದ ಸೂಜಿಯನ್ನು ಮೂರು ನಿಮಿಷ ಚರ್ಮದ ಮೇಲೆ ಓಡಿಸಬೇಕು. ಮೈ ಬಿಗಿದುಕೊಂಡರೆ ಮಸಿ ಹರಡುತ್ತದೆ, ಸಡಿಲವಾದರೆ ನಿಲ್ಲುತ್ತದೆ. ಬೆವರು, ರಕ್ತದ ಓಟ, ಸ್ನಾಯುವಿನ ಬಿಗಿತ ಮೂರನ್ನೂ ಅಳೆದು ಯಂತ್ರ ನೂರಕ್ಕೆ ಇಷ್ಟೆಂದು ಅಂಕ ಕೊಡುತ್ತಿತ್ತು. ಅರವತ್ತಕ್ಕಿಂತ ಕಡಿಮೆ ಬಂದ ಕಲಾವಿದ ಆ ಗಿರಾಕಿಯನ್ನು ಮುಟ್ಟುವಂತಿಲ್ಲ. ಸುಟ್ಟ ಚರ್ಮಕ್ಕಂತೂ ವಾರದ ಅಂತರದಲ್ಲಿ ಎರಡು ಪರೀಕ್ಷೆಗಳು ಒಬ್ಬರನ್ನೇ ತೋರಿಸಬೇಕು, ಎಂಬತ್ತರ ಮೇಲೆ. ಇದು ಸರ್ಕಾರದ ಕಟ್ಟಳೆ.

ಫಕ್ಕೀರವ್ವನಿಗೆ ದುರ್ಗದಬೈಲಿನಲ್ಲಿ ಮಂಡಕ್ಕಿಗೆ ಒಗ್ಗರಣೆ ಬೆರೆಸಿದ ಗಿರ್ಮಿಟ್, ಮಿರ್ಚಿಯ ಅಂಗಡಿ. ಬಾಣಲೆಯ ಮುಂದೆ ಬೇಸಿಗೆಯಲ್ಲೂ ಮಣಿಕಟ್ಟಿನವರೆಗೆ ತೋಳಿನ ರವಿಕೆ ತೊಟ್ಟು ನಿಲ್ಲುತ್ತಿದ್ದಳು. ಒಮ್ಮೆ ತೋಳು ಮಡಚಿದ್ದಾಗ ಒಬ್ಬ ಗಿರಾಕಿ ಕಲೆ ನೋಡಿ, ತಟ್ಟೆ ತೆಗೆದುಕೊಳ್ಳದೆ ಹೊರಟುಹೋಗಿದ್ದ. ಸಿಲಿಂಡರ್ ಸಿಡಿದದ್ದು ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದಳು. ಈಗ ಐವತ್ತು ತುಂಬುವ ಮೊದಲು ಬರಿತೋಳಿನಲ್ಲಿ ಒಲೆಯ ಮುಂದೆ ನಿಲ್ಲಬೇಕೆಂಬ ಹಟ ಹಿಡಿದಿತ್ತು. ಕಲೆಯ ಮೇಲೆ ಏಳು ಬ್ಯಾಡಗಿ ಮೆಣಸಿನಕಾಯಿ, ಎಲೆ ಸಮೇತ. ದೇವರು ಬೇಡ, ನವಿಲು ಬೇಡ, ತನಗೆ ಅನ್ನ ಕೊಟ್ಟಿದ್ದೇ ಇರಲಿ ಎಂಬುದು ಆಕೆಯ ಲೆಕ್ಕ.

ಅಂಗಡಿಯ ಮೂವರು ಕಲಾವಿದರಲ್ಲಿ ಮೊದಲ ದಿನ ಕ್ಲೆಮೆಂಟನಿಗೆ ನಲವತ್ತೊಂಬತ್ತು, ರೋಹಿಣಿಗೆ ಐವತ್ತೆರಡು ಬಂತು. ಇಮ್ತಿಯಾಜನ ಸರದಿ ಬರುವ ಹೊತ್ತಿಗೆ ಫಕ್ಕೀರವ್ವನ ಬಲಗೈಯೂ ನಡುಗುತ್ತಿತ್ತು. ಅಂಗಡಿ ಗುಡಿಸಿ ಚಹಾ ಕೊಡುತ್ತಿದ್ದ ಮುದುಕಿ ಹುಲಿಗೆವ್ವ ಕಪ್ಪು ತಂದವಳು, ಚಹಾ ಚೆಲ್ಲೀತೆಂದು ಆ ಕೈಯನ್ನು ಹಿಡಿದುಕೊಂಡೇ ನಿಂತಳು. ತವರು ಯಾವುದೆಂದು ಕೇಳಿದಳು. ಗುಡಗೇರಿ ಎಂದಾಗ, ಅಲ್ಲಿಯ ಕೆರೆ ಈಗಲೂ ತುಂಬುತ್ತದೆಯೇ, ತಮ್ಮನಿಗೆ ಎಷ್ಟು ಮಕ್ಕಳು, ನಾದಿನಿ ಹೇಗೆ ಎಂದು ಒಂದೊಂದಾಗಿ ವಿಚಾರಿಸಿದಳು. ನಾದಿನಿಯ ಮಾತು ಬಂದ ಮೇಲೆ ಮೂರು ನಿಮಿಷ ಹೋದದ್ದೇ ಗೊತ್ತಾಗಲಿಲ್ಲ. ಪರದೆಯ ಮೇಲೆ ಎಂಬತ್ತಾರು ಮೂಡಿತು.

ಇಮ್ತಿಯಾಜನೇ ತನ್ನ ಕಲಾವಿದ ಎಂದು ಫಕ್ಕೀರವ್ವ ಸಂತೋಷದಿಂದ ಮನೆಗೆ ಹೋದಳು. ಎರಡನೆಯ ವಾರ ಅದೇ ಇಮ್ತಿಯಾಜನಿಗೆ ಐವತ್ತು ಬಂತು, ರೋಹಿಣಿಗೆ ಎಂಬತ್ತೆಂಟು. ಮೂರನೆಯ ವಾರ ಮೂವರಿಗೂ ಐವತ್ತರ ಆಸುಪಾಸು. ಮನೆಯಲ್ಲಿ ಆಕೆಗೆ ನಿದ್ದೆ ಬರಲಿಲ್ಲ. ಇಮ್ತಿಯಾಜನ ಗೆರೆ ಚೂಪು, ರೋಹಿಣಿಯ ಕೈ ಹಗುರ, ಇಬ್ಬರೂ ಒಳ್ಳೆಯವರೇ. ಆದರೆ ತನ್ನ ಚರ್ಮವೇ ದಿನಕ್ಕೊಂದು ಮಾತಾಡಿದರೆ ಯಾರನ್ನು ನಂಬುವುದು? ಇನ್ನೊಂದು ಪರೀಕ್ಷೆಯೂ ಹೊಂದದಿದ್ದರೆ ಹೆಸರನ್ನು ಹಚ್ಚೆಗೆ ಅರ್ಹರಾದವರ ಸರ್ಕಾರಿ ಪಟ್ಟಿಯಿಂದ ಶಾಶ್ವತವಾಗಿ ತೆಗೆಯುವುದಾಗಿ ಚೀಟಿ ಕೊಟ್ಟಿದ್ದರು.

ನಾಲ್ಕನೆಯ ವಾರ ಡಾ. ಮಣ್ಣೂರ ಅವರೇ ಧಾರವಾಡದಿಂದ ಬಂದರು. ಗೊಂದಲ ಅವರಿಗೂ ಕಡಿಮೆಯಿರಲಿಲ್ಲ. ಇಂಥ ತಲೆಕೆಳಗಾದ ಅಂಕಗಳು ಈ ಅಂಗಡಿಯೊಂದರಲ್ಲೇ ಅರವತ್ತು ಇದ್ದವು. ಹಿಂದಿನ ದಿನ ಏನು ಉಂಡಿರಿ, ಎಷ್ಟು ಹೊತ್ತು ಮಲಗಿದಿರಿ, ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿ ಬರೆದುಕೊಂಡರು. ಸುಟ್ಟ ಚರ್ಮದಲ್ಲಿ ನರಗಳು ಹೊಸದಾಗಿ ಚಿಗುರುತ್ತಿರಬಹುದು ಎಂದರು.

ಫಕ್ಕೀರವ್ವ ಕೇಳಿಸಿಕೊಂಡಳು. ಒಂದು ದಿನ ಮಿರ್ಚಿ ಉಬ್ಬದಿದ್ದರೆ ಆಕೆ ಮೊದಲು ಹಿಟ್ಟನ್ನು ಬೈಯುತ್ತಿರಲಿಲ್ಲ, ಒಲೆಯ ಹತ್ತಿರ ಆ ದಿನ ಯಾರಿದ್ದರು, ಯಾರಿರಲಿಲ್ಲ ಎಂದು ನೋಡುತ್ತಿದ್ದಳು. ಇಲ್ಲಿಯೂ ಹಾಗೇ ನೋಡಿದಳು. ಇಮ್ತಿಯಾಜ್ ಗೆದ್ದ ದಿನ ಚಹಾ ಅವನ ಸರದಿಯಲ್ಲಿ ಬಂದಿತ್ತು. ರೋಹಿಣಿ ಗೆದ್ದ ದಿನ ಅವಳ ಸರದಿಯಲ್ಲಿ. ಮೂರನೆಯ ವಾರ ಹುಲಿಗೆವ್ವ ಮೊಮ್ಮಗಳ ಸೀಮಂತಕ್ಕೆ ಹೋಗಿದ್ದಳು, ಚಹಾವೇ ಬಂದಿರಲಿಲ್ಲ.

"ಸಾಹೇಬ್ರ, ನನ್ನ ಚರ್ಮಾ ಸುಳ್ಳು ಹೇಳಿಲ್ಲ" ಎಂದಳು. "ಚಾ ಕೊಡೋ ಆಯಿ ನನ್ನ ಕೈ ಹಿಡಕೊಂಡಾಗೆಲ್ಲ ಮಾರ್ಕು ಬಂದಾವ. ಸೂಜಿ ಯಾರ ಕೈಯಾಗಿದ್ರೂ ಅಷ್ಟ."

ಹೇಳಿದ ಮೇಲೆ ತಪ್ಪು ಮಾಡಿದೆನೆಂದು ಅನ್ನಿಸಿತು. ಗಿರಾಕಿಗಳನ್ನು ಸಿಬ್ಬಂದಿ ಮುಟ್ಟಬಾರದೆಂಬ ಫಲಕ ಬಾಗಿಲಲ್ಲೇ ಇತ್ತು. ಹುಲಿಗೆವ್ವ ಕಸಬರಿಗೆ ಹಿಡಿದುಕೊಂಡೇ ಗೋಡೆಗೆ ಸರಿದಳು. ಮಣ್ಣೂರ ಅವರು ನಿಟ್ಟುಸಿರು ಬಿಟ್ಟು, ಹಾಗಾದರೆ ಅರವತ್ತು ಪರೀಕ್ಷೆಗಳೂ ಕೆಟ್ಟವೆಂದೇ ಅರ್ಥ, ಇನ್ನು ಮುಂದೆ ಈಕೆ ಒಳಗೆ ಬರಕೂಡದು ಎಂದರು. ಮುದುಕಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಪರೀಕ್ಷೆ ಮತ್ತೆ ನಡೆಯಿತು. ಐವತ್ತೊಂದು, ನಲವತ್ತೇಳು, ಐವತ್ತು.

ಕಾನೂನಿನ ಪ್ರಕಾರ ಫಕ್ಕೀರವ್ವನ ಕೈಯನ್ನು ಇನ್ನು ಯಾರೂ ಮುಟ್ಟುವಂತಿರಲಿಲ್ಲ. ಆಕೆ ರವಿಕೆಯ ತೋಳನ್ನು ಕೆಳಗಿಳಿಸಿ ಗುಂಡಿ ಹಾಕಿಕೊಂಡಳು. ಎದ್ದು ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

"ಒಗ್ಗರಣಿ ಬ್ಯಾರೆ, ಗಿರ್ಮಿಟ್ ಬ್ಯಾರೆ ಅಂತ ಯಾರರ ತೂಗತಾರೇನ್ರಿ? ಆಯಿನ್ನ ಕೂಡಿಸಿ ಒಮ್ಮಿ ತೂಗ್ರಿ. ಬರಲಿಲ್ಲಂದ್ರ ನಾ ನನ್ನ ದಾರಿ ಹಿಡಿತೀನಿ."

ಮಣ್ಣೂರ ಅವರು ನಕ್ಕರು, ಆದರೂ ಮತ್ತೆ ಪರದೆಯ ಮುಂದೆ ಕೂತರು. ಹುಲಿಗೆವ್ವನನ್ನು ಒಳಗೆ ಕರೆದು, ನೀನು ಮಾಡುವುದೇನು ಎಂದು ಕೇಳಿದರು. ಕೆಲಸ ಹೋಗುವುದಂತೂ ಖಾತ್ರಿಯೆಂದು ತಿಳಿದಿದ್ದ ಮುದುಕಿ ಮುಚ್ಚುಮರೆಯಿಲ್ಲದೆ ಹೇಳಿದಳು.

"ನಮ್ಮ ಮನಿತನದಾಗ ಹಚ್ಚಿ ಹಾಕಾಕ ಊರೂರಿಗೆ ಇಬ್ಬರು ಹೋಗತಿದ್ವಿರಿ. ನಮ್ಮವ್ವ ಸೂಜಿ ಹಿಡಿತಿದ್ಲು, ನಾ ಕೈ ಹಿಡಿತಿದ್ದೆ. ಸೂಜಿ ಹಿಡದಾಕಿಗೆ ಒಂದ ಸೇರು ಜ್ವಾಳ, ಕೈ ಹಿಡದಾಕಿಗೆ ಎರಡು."

"ಎರಡ್ಯಾಕ?" ಎಂದರು ಮಣ್ಣೂರ ಅವರು.

"ಸೂಜಿಯಾಕಿ ಒಬ್ಬರ ಕೈ ನೋಡಿದ್ರ ಸಾಕ್ರಿ. ಹಿಡದಾಕಿ ಕೈ ಕೊಟ್ಟಾಕಿನ್ನೂ ಸೂಜಿಯಾಕಿನ್ನೂ ಇಬ್ಬರನ್ನೂ ನೋಡಬೇಕು. ನಿಮ್ಮ ಅಂಗಡ್ಯಾಗ ಸೂಜಿ ಹಿಡಿಯೋರನ್ನ ತಂದು ಕೂಡಿಸೀರಿ, ಕೈ ಹಿಡಿಯೋರನ್ನ ಮರತೀರಿ."

ಮಣ್ಣೂರ ಅವರು ಇನ್ನೊಂದು ಚರ್ಮಶ್ರಾವಕವನ್ನು ತೆಗೆದು ಕಲಾವಿದರ ಮಣಿಕಟ್ಟಿಗೂ ಅಂಟಿಸಿದರು. ಅಷ್ಟು ವರ್ಷಗಳಲ್ಲಿ ಯಾರಿಗೂ ಹೊಳೆಯದ ಕೆಲಸ ಅದು. ಹುಲಿಗೆವ್ವ ಕೈ ಹಿಡಿದು ಮಾತಿಗೆ ತೊಡಗಿದಾಗ ಗಿರಾಕಿಯ ಗೆರೆಯಷ್ಟೇ ಅಲ್ಲ, ಸೂಜಿ ಹಿಡಿದವರ ಗೆರೆಯೂ ಸಮವಾಯಿತು. ಕ್ಲೆಮೆಂಟನಿಗೆ ತೊಂಬತ್ತು, ಇಮ್ತಿಯಾಜನಿಗೂ ರೋಹಿಣಿಗೂ ತೊಂಬತ್ತೊಂದು. ಮುದುಕಿಯ ಮಾತನ್ನು ಧ್ವನಿಮುದ್ರಿಸಿ ಕೇಳಿಸಿದರೆ ಸಾಲದೇ ಎಂದು ಅದನ್ನೂ ಮಾಡಿ ನೋಡಿದರು. ಐವತ್ತೆಂಟು ಬಂತು.

"ಅದು ಪ್ರಶ್ನಿ ಕೇಳತೈತಿ, ಉತ್ತರಾ ಹೇಳಿದ್ರ ಕಿವಿಗೆ ಹಾಕ್ಕೊಳ್ಳೋದಿಲ್ಲ" ಎಂದಳು ಫಕ್ಕೀರವ್ವ.

ಮುಂದಿನ ವಾರದ ಪರೀಕ್ಷೆಯೂ ಅದೇ ಅಂಕ ಕೊಟ್ಟಿತು. ಕಾನೂನು ತಣ್ಣಗಾಯಿತು. ಆದರೆ ಫಕ್ಕೀರವ್ವನ ಗೊಂದಲ ಮುಗಿಯಲಿಲ್ಲ. ಮೊದಲು ಯಾರೂ ಹೊಂದುತ್ತಿರಲಿಲ್ಲ, ಈಗ ಮೂವರೂ ಹೊಂದುತ್ತಿದ್ದರು. ಯಾರನ್ನು ಆರಿಸಲೆಂದು ಹುಲಿಗೆವ್ವನನ್ನೇ ಕೇಳಿದಳು. ಮುದುಕಿ ಅಂಕದ ಮಾತೆತ್ತಲಿಲ್ಲ. ಹಾಕಿ ಐದು ವರ್ಷ ಕಳೆದ ಹಚ್ಚೆ ಯಾರು ತೋರಿಸುತ್ತಾರೋ ಅವರ ಮುಂದೆ ಕೂರು, ನಿನ್ನೆ ಹಾಕಿದ್ದು ಎಲ್ಲರದ್ದೂ ಚಂದವೇ ಎಂದಳು. ಇಮ್ತಿಯಾಜ್ ತನ್ನ ತಾಯಿಯನ್ನು ಕರೆತಂದು, ಆಕೆಯ ಮಣಿಕಟ್ಟಿನಲ್ಲಿದ್ದ ಏಳು ವರ್ಷದ ಬಳ್ಳಿಯನ್ನು ತೋರಿಸಿದ. ಗೆರೆ ಹರಡಿರಲಿಲ್ಲ.

ಹಚ್ಚೆಯ ದಿನ ನಾಲ್ಕು ಗಂಟೆ ಹಿಡಿಯಿತು. ಮಣ್ಣೂರ ಅವರು ಪರದೆ ನೋಡಲು ಕೂತಿದ್ದರು, ರೋಹಿಣಿ, ಕ್ಲೆಮೆಂಟ್ ಕಲಿಯಲು ನಿಂತಿದ್ದರು. ಹುಲಿಗೆವ್ವ ಕೈ ಹಿಡಿದು ತವರಿನಿಂದ ಶುರುಮಾಡಿ ಅಂಗಡಿಗೆ ಬಂದಳು, ಅಂಗಡಿಯಿಂದ ಬಾಣಲೆಗೆ. ಮೂರನೆಯ ಮೆಣಸಿನಕಾಯಿಯ ತೊಟ್ಟು ಬರೆಯುವಾಗ ಮೆಲ್ಲಗೆ ಕೇಳಿದಳು.

"ಸಿಲಿಂಡರ್ ಸಿಡದಿದ್ರ ಮಾರಿಗೆ ಹತ್ತತಿತ್ತಲ್ಲವ್ವಾ. ಬರೇ ಕೈಗೆ ಹ್ಯಾಂಗ ಹತ್ತಿತು?"

ಹನ್ನೊಂದು ವರ್ಷ ಗಂಡನಿಗೂ ಹೇಳದ ಮಾತನ್ನು ಫಕ್ಕೀರವ್ವ ಹೇಳಿಬಿಟ್ಟಳು.

"ಬಾಣಲಿ ವಾಲಿತ್ತಬೇ. ಹೊಸಾ ಎಣ್ಣಿ ಹಾಕಿದ್ದೆ, ನಾಕ ಕಿಲೋ. ಚೆಲ್ಲತೈತಿ ಅಂತ ಕೈ ಕೊಟ್ಟೆ."

ಹುಲಿಗೆವ್ವ ಹಿಡಿದ ಕೈ ಬಿಡದೆ, "ಎಣ್ಣಿ ಉಳೀತೇನು?" ಎಂದಳು.

"ಅರ್ಧಾ."

ಮೊದಲು ನಕ್ಕವಳು ಫಕ್ಕೀರವ್ವನೇ. ನಗುವಾಗಲೂ ಪರದೆಯ ಗೆರೆ ತೊಂಬತ್ತರಿಂದ ಕೆಳಗೆ ಇಳಿಯಲಿಲ್ಲ. ಆ ಕಥೆ ಕೇಳುತ್ತ ಕೇಳುತ್ತ ಇಮ್ತಿಯಾಜ್ ಎಣಿಕೆ ತಪ್ಪಿದ್ದು ಕೆಲಸ ಮುಗಿದ ಮೇಲೆಯೇ ಗೊತ್ತಾದದ್ದು. ಕೈಮೇಲೆ ಎಂಟು ಮೆಣಸಿನಕಾಯಿಗಳಿದ್ದವು.

ಆ ವರ್ಷದ ಕೊನೆಗೆ ಬೇರೆ ಅಂಗಡಿಗಳೂ ಕೈ ಹಿಡಿಯುವವರನ್ನು ಇಟ್ಟುಕೊಂಡವು, ಯಂತ್ರಗಳು ಬಹುಪಾಲು ಮೂಲೆ ಸೇರಿದವು. ಕೈ ಹಿಡಿಯುವವರಿದ್ದ ಅಂಗಡಿಯಲ್ಲಿ ಎಲ್ಲ ಕಲಾವಿದರಿಗೂ ಒಳ್ಳೆಯ ಅಂಕ ಬರುತ್ತಿದ್ದುದರಿಂದ ಅಳೆದು ಆರಿಸುವುದಕ್ಕೆ ಏನೂ ಉಳಿದಿರಲಿಲ್ಲ. ಮಣ್ಣೂರ ಅವರು ಹತ್ತು ವರ್ಷದ ದುಡಿಮೆ ಕಳೆದುಕೊಂಡರು. ಹುಲಿಗೆವ್ವನಿಗೆ ಕುರ್ಚಿ ಸಿಕ್ಕಿತು, ಕಲಾವಿದರ ಎರಡರಷ್ಟು ಸಂಬಳ ಬೇಕೆಂದು ಕೇಳಿದ್ದಕ್ಕೆ ಒಂದೂವರೆಯಷ್ಟು ಸಿಕ್ಕಿತು.

ಫಕ್ಕೀರವ್ವ ಬರಿತೋಳಿನಲ್ಲಿ ಒಲೆಯ ಮುಂದೆ ನಿಂತ ಮೊದಲ ಸಂಜೆಯೇ ಗಿರಾಕಿಯೊಬ್ಬ ತಟ್ಟೆ ತೆಗೆದುಕೊಳ್ಳುತ್ತ, "ಅಕ್ಕಾರ, ಎಣ್ಣಿ ಉಳಸಾಕ ಕೈ ಇಟ್ಟಿದ್ರಂತಲ್ಲ?" ಎಂದ. ಕ್ಲೆಮೆಂಟ್ ಊರಿಗೆಲ್ಲ ಹೇಳಿದ್ದ. ಆಕೆ ಅವನಿಗೆ ಇನ್ನೊಂದು ಮಿರ್ಚಿ ಹಾಕಿದಳು. ಕಲೆ ಮುಚ್ಚಿತ್ತು, ಗುಟ್ಟು ಹೋಗಿತ್ತು. ಉದ್ದ ತೋಳಿನ ರವಿಕೆಗಳನ್ನು ಹರಿದು ಒಲೆ ಒರೆಸುವ ಬಟ್ಟೆ ಮಾಡಿಕೊಂಡಳು.